ನಿಂತಲ್ಲಿಂದ ಮತ್ತೆ ಹರಿಯಬೇಕಾದರೆ: ಸ್ಟ್ರೀಮಿಂಗ್ ಪೈಪ್‌ಲೈನ್ ಚೇತರಿಸಿಕೊಳ್ಳುವ ಬಗೆ

ಬ್ಯಾಚ್ ಕೆಲಸವೊಂದು ರಾತ್ರಿ ಎರಡು ಗಂಟೆಗೆ ಕೆಟ್ಟು ನಿಂತರೆ, ಬೆಳಿಗ್ಗೆ ಬಂದು ಅರೆಬರೆ ಬರೆದದ್ದನ್ನು ಅಳಿಸಿ, ಅದೇ ಫೈಲ್ ಕೊಟ್ಟು ಮತ್ತೊಮ್ಮೆ ಓಡಿಸಬಹುದು. ಶುರು ಎಲ್ಲಿ, ಕೊನೆ ಎಲ್ಲಿ ಎಂಬುದು ಅಲ್ಲಿ ಗೊತ್ತಿರುತ್ತದೆ. ದಾಖಲೆಗಳು ಬಂದಂತೆಲ್ಲ ಓದಿ, ಲೆಕ್ಕ ಹಾಕಿ, ಮುಂದಕ್ಕೆ ಕಳಿಸುತ್ತಲೇ ಇರುವ ಸ್ಟ್ರೀಮಿಂಗ್ ಪೈಪ್‌ಲೈನಿಗೆ ಕೊನೆಯೇ ಇಲ್ಲ. ಅದು ಯಾವಾಗ ನಿಂತರೂ ಕೆಲಸದ ನಡುವೆಯೇ ನಿಲ್ಲುತ್ತದೆ: ಒಂದಷ್ಟು ದಾಖಲೆ ಓದಿ ಆಗಿರುತ್ತದೆ, ಅದರಲ್ಲಿ ಕೆಲವುದರ ಲೆಕ್ಕ ಇನ್ನೂ ಮೆಮೊರಿಯಲ್ಲಿರುತ್ತದೆ, ಕೆಲವು ಡೇಟಾಬೇಸಿಗೆ ಹೋಗಿರುತ್ತವೆ, ಇನ್ನು ಕೆಲವು ನೆಟ್‌ವರ್ಕಿನ ದಾರಿಯಲ್ಲಿರುತ್ತವೆ.

ನಿಲ್ಲುವುದು ಅಪರೂಪದ ಸಂಗತಿಯೂ ಅಲ್ಲ. ಹೊಸ ಆವೃತ್ತಿ ಹಾಕುವಾಗ ನಿಲ್ಲುತ್ತದೆ. ಪ್ರೋಗ್ರಾಮುಗಳನ್ನು ಹಲವು ಯಂತ್ರಗಳಿಗೆ ಹಂಚಿ ಓಡಿಸುವ ಕುಬರ್ನೆಟಿಸ್ ಒಂದು ಯಂತ್ರವನ್ನು ಖಾಲಿ ಮಾಡಿ ಪಾಡ್ ಅನ್ನು, ಅಂದರೆ ನಮ್ಮ ಪ್ರೋಗ್ರಾಮ್ ಓಡುವ ಘಟಕವನ್ನು, ಬೇರೆಡೆಗೆ ಕಳಿಸುವಾಗ ನಿಲ್ಲುತ್ತದೆ. ಮೆಮೊರಿ ಸಾಲದೆ ಆಪರೇಟಿಂಗ್ ಸಿಸ್ಟಂ ಪ್ರೋಸೆಸ್ಸನ್ನೇ ಕೊಂದಾಗ ನಿಲ್ಲುತ್ತದೆ. ಹಾಗಾಗಿ ಪೈಪ್‌ಲೈನ್ ನಿಲ್ಲದಂತೆ ಹೇಗೆ ನೋಡಿಕೊಳ್ಳುವುದು ಎಂಬುದಕ್ಕಿಂತ, ನಿಂತ ಮೇಲೆ ಅದು ಎಲ್ಲಿಂದ, ಯಾವ ಸ್ಥಿತಿಯಲ್ಲಿ ಮತ್ತೆ ಹೊರಡುತ್ತದೆ ಎಂಬುದನ್ನು ಮೊದಲು ಯೋಚಿಸಬೇಕು.

ಒಂದು ಉದಾಹರಣೆ ಇಟ್ಟುಕೊಂಡು ಮುಂದೆ ಹೋಗೋಣ. ಹಾಲು ಉತ್ಪಾದಕರ ಸಹಕಾರ ಸಂಘಗಳಲ್ಲಿ ರೈತರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಡೇರಿಗೆ ಹಾಲು ಹಾಕುತ್ತಾರೆ. ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಎಷ್ಟು ಎಂದು ಯಂತ್ರ ಅಳೆಯುತ್ತದೆ. ಆ ಒಂದೊಂದು ಅಳತೆಯೂ ಒಂದು ದಾಖಲೆಯಾಗಿ ಕಾಫ್ಕಾಕ್ಕೆ, ಅಂದರೆ ದಾಖಲೆಗಳನ್ನು ಪಡೆದು ಇಟ್ಟುಕೊಂಡು ಕೇಳಿದವರಿಗೆ ಕೊಡುವ ವ್ಯವಸ್ಥೆಗೆ, ಬರುತ್ತದೆ ಎಂದಿಟ್ಟುಕೊಳ್ಳಿ. ನಮ್ಮ ಪೈಪ್‌ಲೈನ್ ಅದನ್ನು ಓದಿ, ದರ ಹಚ್ಚಿ, ಆ ರೈತರ ಬಾಕಿಗೆ ಸೇರಿಸಿ, ಬಟವಾಡೆಯ ಡೇಟಾಬೇಸಿಗೆ ಬರೆದು, ಕೊನೆಗೆ ಅವರ ಮೊಬೈಲಿಗೆ ಒಂದು ಎಸ್‌ಎಂಎಸ್ ಕಳಿಸುತ್ತದೆ. ಇದು ವಿವರಣೆಗಾಗಿ ಕಟ್ಟಿಕೊಂಡ ವ್ಯವಸ್ಥೆ. ಆದರೆ ಪೆಟ್ಟು ಎಲ್ಲಿ ಬೀಳುತ್ತದೆ ಎಂಬುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಒಂದು ದಾಖಲೆ ಕಳೆದರೆ ಯಾರೋ ಒಬ್ಬರಿಗೆ ಒಂದು ಹೊತ್ತಿನ ಹಾಲಿನ ದುಡ್ಡು ಹೋಯಿತು. ಒಂದು ದಾಖಲೆ ಎರಡು ಸಲ ಎಣಿಕೆಯಾದರೆ ಸಂಘದ ಲೆಕ್ಕ ತಪ್ಪಿತು.

ಈ ಪೈಪ್‌ಲೈನಿನಲ್ಲಿ ನೆನಪಿಡಬೇಕಾದವು ಮೂರು. ಇನ್‌ಪುಟ್ಟಿನಲ್ಲಿ ಎಲ್ಲಿಯವರೆಗೆ ಓದಿದ್ದೇವೆ ಎಂಬುದು ಒಂದು. ಒಳಗೆ ಕಟ್ಟಿಕೊಂಡಿರುವ ಲೆಕ್ಕ, ಅಂದರೆ ಸ್ಟೇಟ್, ಎರಡನೆಯದು. ಹೊರಗೆ ಏನೇನು ಬರೆದಿದ್ದೇವೆ ಎಂಬುದು ಮೂರನೆಯದು. ಮತ್ತೆ ಹೊರಟಾಗ ಈ ಮೂರೂ ಒಂದೇ ಗಳಿಗೆಗೆ ಸೇರಿದವಾಗಿರಬೇಕು. ಒಂದು ಮುಂದಿದ್ದು ಇನ್ನೊಂದು ಹಿಂದಿದ್ದರೆ ನಷ್ಟವೋ ನಕಲೋ ಆಗಿಯೇ ಆಗುತ್ತದೆ. ಚೇತರಿಕೆಯ ಬಗ್ಗೆ ಇರುವ ತಂತ್ರಗಳೆಲ್ಲ ಈ ಮೂರನ್ನು ಒಟ್ಟಿಗೆ ಹಿಡಿದಿಡುವ ಬೇರೆ ಬೇರೆ ದಾರಿಗಳು.

ಎಲ್ಲಿಯವರೆಗೆ ಓದಿದ್ದೇವೆ

ಲಿಂಕ್ಡ್‌ಇನ್ ಕಂಪನಿಯಲ್ಲಿ ಹುಟ್ಟಿ 2011ರಲ್ಲಿ ಎಲ್ಲರಿಗೂ ಮುಕ್ತವಾದ ಕಾಫ್ಕಾ, ಮೂಲತಃ ಒಂದು ಲಾಗ್, ಅಂದರೆ ಕೊನೆಗೆ ಸೇರಿಸುತ್ತ ಹೋಗುವ ದಾಖಲೆಪುಸ್ತಕ. ಒಂದು ವಿಷಯದ ದಾಖಲೆಗಳು ಟಾಪಿಕ್ ಎಂಬ ಹೆಸರಿನಡಿ ಬಂದು, ಅದರ ಭಾಗಗಳಾದ ಪಾರ್ಟಿಷನ್ನುಗಳಲ್ಲಿ ಸಾಲಾಗಿ ಸೇರುತ್ತವೆ, ಪ್ರತಿಯೊಂದಕ್ಕೂ ಆಫ್‌ಸೆಟ್ ಎಂಬ ಕ್ರಮಸಂಖ್ಯೆ ಇರುತ್ತದೆ. ಓದಿದ ಮಾತ್ರಕ್ಕೆ ದಾಖಲೆ ಅಳಿಯುವುದಿಲ್ಲ. ಚೇತರಿಕೆ ಸಾಧ್ಯವಾಗುವುದೇ ಈ ಗುಣದಿಂದ, ಏಕೆಂದರೆ ಹಿಂದಕ್ಕೆ ಹೋಗಿ ಮತ್ತೆ ಓದಬಹುದು. ಓದುವವರು, ಅಂದರೆ ಕನ್ಸ್ಯೂಮರ್, ತಾವು ಮುಂದೆ ಓದಬೇಕಾದ ಆಫ್‌ಸೆಟ್ಟನ್ನು ಆಗಾಗ ಕಾಫ್ಕಾಕ್ಕೆ ಹೇಳಿಡುತ್ತಾರೆ. ಇದಕ್ಕೆ ಕಮಿಟ್ ಎನ್ನುತ್ತಾರೆ. ಸತ್ತು ಎದ್ದ ಮೇಲೆ ಓದು ಶುರುವಾಗುವುದು ಅಲ್ಲಿಂದ.

ಕಮಿಟ್ ಯಾವಾಗ ಮಾಡಬೇಕು? ದಾಖಲೆ ಕೈಗೆ ಬಂದ ಕೂಡಲೇ ಮಾಡಿ, ಡೇಟಾಬೇಸಿಗೆ ಬರೆಯುವ ಮೊದಲು ಪ್ರೋಸೆಸ್ ಸತ್ತರೆ ಆ ದಾಖಲೆ ಮತ್ತೆ ಸಿಗದು. ಬರೆದ ಮೇಲೆ ಮಾಡಲು ಹೊರಟು, ಬರೆದದ್ದಕ್ಕೂ ಕಮಿಟ್ಟಿಗೂ ನಡುವಿನ ಸಂದಿಯಲ್ಲಿ ಸತ್ತರೆ ಅದೇ ದಾಖಲೆ ಇನ್ನೊಮ್ಮೆ ಬರುತ್ತದೆ. ಮೊದಲನೆಯದು ‘ಹೆಚ್ಚೆಂದರೆ ಒಮ್ಮೆ’, ಎರಡನೆಯದು ‘ಕಡಿಮೆಯೆಂದರೆ ಒಮ್ಮೆ’. ಇವೆರಡರ ನಡುವೆ ಆಯ್ಕೆಯೆಂದರೆ ಎರಡನೆಯದನ್ನೇ ಆರಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ಎರಡು ಸಲ ಬಂದದ್ದನ್ನು ಗುರುತಿಸಿ ಬಿಡಬಹುದು, ಬಾರದೇ ಹೋದದ್ದನ್ನು ಹುಡುಕಲು ಏನೂ ಸುಳಿವಿರುವುದಿಲ್ಲ.

ಕಾಫ್ಕಾದ ಜಾವಾ ಕ್ಲೈಂಟ್ ತನ್ನಷ್ಟಕ್ಕೆ 5 ಸೆಕೆಂಡಿಗೊಮ್ಮೆ ಕಮಿಟ್ ಮಾಡುತ್ತದೆ, ನಾವು ಬೇಡವೆನ್ನುವವರೆಗೆ. ಆ ಕಮಿಟ್ ನಡೆಯುವುದು ಮುಂದಿನ ಸಲ ‘ಪೋಲ್’ ಕರೆದಾಗ, ಅಂದರೆ ಇನ್ನಷ್ಟು ದಾಖಲೆ ಕೊಡು ಎಂದು ಕೇಳಿದಾಗ. ಓದುವ ಥ್ರೆಡ್ಡೇ ಪೂರ್ತಿ ಕೆಲಸ ಮುಗಿಸಿ ಮತ್ತೆ ಪೋಲ್ ಮಾಡುವ ಸರಳ ಪ್ರೋಗ್ರಾಮಿನಲ್ಲಿ ಇದರಿಂದ ತೊಂದರೆಯಿಲ್ಲ. ವೇಗ ಸಾಲದೆಂದು ಯಾರಾದರೂ ಕೆಲಸವನ್ನು ಬೇರೆ ಥ್ರೆಡ್ಡುಗಳಿಗೆ ಹಂಚಿದರೆ ಅಂದಿನಿಂದ ಕಥೆ ಬದಲಾಗುತ್ತದೆ. ಕೆಲಸ ಇನ್ನೂ ಸರತಿಯಲ್ಲಿರುವಾಗಲೇ ಪೋಲ್ ಮತ್ತೆ ನಡೆದು ಆಫ್‌ಸೆಟ್ ಕಮಿಟ್ ಆಗಿಬಿಡುತ್ತದೆ. ಪ್ರೋಸೆಸ್ ಸಾಯುವ ದಿನದವರೆಗೂ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ.

ಇದರ ಹತ್ತಿರದ ಇನ್ನೊಂದು ತಪ್ಪು ಪ್ರೊಡ್ಯೂಸರ್, ಅಂದರೆ ಕಾಫ್ಕಾಕ್ಕೆ ಬರೆಯುವವರ, ಕಡೆಯದು. ಫಲಿತಾಂಶವನ್ನು ಇನ್ನೊಂದು ಟಾಪಿಕ್ಕಿಗೆ ಕಳಿಸುವ ‘ಸೆಂಡ್’ ಕರೆ ಕೂಡಲೇ ಮರಳಿ ಬರುತ್ತದೆ, ಆದರೆ ದಾಖಲೆ ಆಗ ಇನ್ನೂ ನಮ್ಮದೇ ಮೆಮೊರಿಯ ಬಫರಿನಲ್ಲಿ ಕುಳಿತಿರಬಹುದು. ‘ಫ್ಲಶ್’ ಮಾಡಿ, ಅಂದರೆ ಬಫರಿನಲ್ಲಿದ್ದದ್ದನ್ನೆಲ್ಲ ಕಳಿಸಿ, ಬ್ರೋಕರಿನ (ಕಾಫ್ಕಾ ಸರ್ವರಿನ) ಒಪ್ಪಿಗೆ ಬಂದ ಮೇಲಷ್ಟೇ ಇನ್‌ಪುಟ್ ಆಫ್‌ಸೆಟ್ ಕಮಿಟ್ ಮಾಡಬೇಕು. ಕ್ರಮ ತಿರುವುಮುರುವಾದರೆ ಬಫರಿನಲ್ಲಿದ್ದದ್ದು ಪ್ರೋಸೆಸ್ಸಿನ ಜೊತೆಗೇ ಹೋಗುತ್ತದೆ.

ಎರಡು ಸಲ ಬಂದರೂ ಒಮ್ಮೆ ಬಂದಂತೆ

ಕಡಿಮೆಯೆಂದರೆ ಒಮ್ಮೆ ಎಂದು ಒಪ್ಪಿಕೊಂಡ ಮೇಲೆ ನಕಲುಗಳು ಬಂದೇ ಬರುತ್ತವೆ. ಹಾಗಾದರೆ ಬರೆಯುವ ರೀತಿಯೇ ನಕಲನ್ನು ತಾಳಿಕೊಳ್ಳುವಂತಿರಬೇಕು. ನಮ್ಮ ಹಾಲಿನ ಪೈಪ್‌ಲೈನ್ ‘ಈಗಿರುವ ಬಾಕಿಗೆ 212 ರೂಪಾಯಿ ಸೇರಿಸು’ ಎಂದು ಡೇಟಾಬೇಸಿಗೆ ಹೇಳಿದರೆ, ಆ ಮಾತನ್ನು ಎರಡು ಸಲ ಹೇಳಿದಾಗ 424 ಸೇರುತ್ತದೆ. ಅದರ ಬದಲು ಪ್ರತಿ ಅಳತೆಗೂ ಒಂದು ಸಾಲು ಬರೆದು, ಆ ಸಾಲಿಗೆ ಅದರದೇ ಕೀಲಿ ಕೊಟ್ಟರೆ, ಎರಡನೆಯ ಸಲ ಅದೇ ಕೀಲಿಯ ಸಾಲು ಅದೇ ಬೆಲೆಯೊಂದಿಗೆ ಅದೇ ಜಾಗದಲ್ಲಿ ಕೂರುತ್ತದೆ. ಬಾಕಿ ಎಂಬುದು ಸಾಲುಗಳ ಮೊತ್ತ ಅಷ್ಟೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನ 9.5ನೇ ಆವೃತ್ತಿಯಿಂದ ‘ಇಲ್ಲದಿದ್ದರೆ ಸೇರಿಸು, ಇದ್ದರೆ ಬಿಡು ಅಥವಾ ಬದಲಿಸು’ ಎಂಬುದನ್ನು ಒಂದೇ ಆಜ್ಞೆಯಲ್ಲಿ ಹೇಳಬಹುದು.

ಕೀಲಿ ಯಾವುದು ಎಂಬ ಪ್ರಶ್ನೆಗೆ ಸಮಯ ಕೊಡಬೇಕು, ಬಹಳಷ್ಟು ಪೈಪ್‌ಲೈನ್‌ಗಳು ಎಡವುವುದು ಇಲ್ಲಿ. ಸಂಘದ ಸಂಖ್ಯೆ, ರೈತರ ಸಂಖ್ಯೆ, ದಿನಾಂಕ, ಬೆಳಿಗ್ಗೆಯೋ ಸಂಜೆಯೋ ಎಂಬುದು ಸೇರಿದರೆ ಸಾಕೆಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಆದರೆ ಒಬ್ಬರೇ ಹಸುವಿನ ಹಾಲು ಒಂದು ಕ್ಯಾನಿನಲ್ಲೂ ಎಮ್ಮೆಯ ಹಾಲು ಇನ್ನೊಂದರಲ್ಲೂ ಒಂದೇ ಹೊತ್ತಿಗೆ ತಂದರೆ? ಎರಡನೆಯ ಕ್ಯಾನ್ ಮೊದಲನೆಯದನ್ನು ಅಳಿಸಿಹಾಕುತ್ತದೆ. ಆಗ ನಕಲು ತಡೆಯಲು ಹಾಕಿದ ಬೇಲಿಯೇ ನಿಜವಾದ ದಾಖಲೆಯನ್ನು ನುಂಗಿತು. ಇನ್ನೊಂದು ಬದಿಯಲ್ಲಿ, ಪೈಪ್‌ಲೈನ್ ಓದುವಾಗ ತಾನೇ ಒಂದು ಹೊಸ ಗುರುತಿನ ಸಂಖ್ಯೆ ಹುಟ್ಟಿಸಿದರೆ, ಮತ್ತೆ ಓದಿದಾಗ ಮತ್ತೊಂದು ಸಂಖ್ಯೆ ಹುಟ್ಟುತ್ತದೆ, ನಕಲು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಗುರುತು ಘಟನೆ ನಡೆದ ಜಾಗದಲ್ಲಿಯೇ ಹುಟ್ಟಬೇಕು: ಅಳೆದ ಯಂತ್ರವೇ ಪ್ರತಿ ಅಳತೆಗೂ ಕ್ರಮಸಂಖ್ಯೆ ಕೊಟ್ಟು, ನೆಟ್‌ವರ್ಕ್ ಕೈಕೊಟ್ಟು ಮತ್ತೆ ಕಳಿಸುವಾಗಲೂ ಅದೇ ಸಂಖ್ಯೆಯನ್ನು ಕಳಿಸಬೇಕು.

ಕಾಫ್ಕಾದಲ್ಲಿ ನಕಲು ತಡೆಯುವ ಪ್ರೊಡ್ಯೂಸರ್ ಇದೆಯಲ್ಲ ಎಂದು ಕೇಳುವವರಿದ್ದಾರೆ. 2017ರಲ್ಲಿ ಬಂದ 0.11 ಆವೃತ್ತಿಯಿಂದ ಅದಿದೆ, 3.0ರಿಂದ ಹೇಳದೆಯೇ ಜಾರಿಯಲ್ಲಿರುತ್ತದೆ. ಆದರೆ ಅದು ತಡೆಯುವುದು ಪ್ರೊಡ್ಯೂಸರ್ ತಾನೇ ಮರುಪ್ರಯತ್ನ ಮಾಡಿದಾಗ ಆಗುವ ನಕಲನ್ನು ಮಾತ್ರ. ಯಂತ್ರದ ಪ್ರೋಗ್ರಾಮ್ ಸತ್ತು ಎದ್ದು ಅದೇ ಅಳತೆಯನ್ನು ಹೊಸದಾಗಿ ಕಳಿಸಿದರೆ ಕಾಫ್ಕಾಕ್ಕೆ ಅದು ಬೇರೆಯೇ ದಾಖಲೆ. ಸಾಲ್ಟ್ಜರ್, ರೀಡ್ ಮತ್ತು ಕ್ಲಾರ್ಕ್ 1984ರಲ್ಲಿ ಪ್ರಕಟಿಸಿದ ‘ತುದಿಯಿಂದ ತುದಿಗೆ’ ವಾದ ಹೇಳುವುದೂ ಇದನ್ನೇ: ನಡುವಿನ ಪದರಗಳು ಎಷ್ಟೇ ಎಚ್ಚರ ವಹಿಸಿದರೂ, ಪೂರ್ತಿ ಖಾತರಿ ಕೊಡಲು ಎರಡು ತುದಿಗಳಿಗೆ ಮಾತ್ರ ಸಾಧ್ಯ.

ಡೇಟಾಬೇಸ್ ಒಂದೇ ಇದ್ದರೆ ಇನ್ನೂ ಗಟ್ಟಿಯಾದ ದಾರಿಯಿದೆ. ಆಫ್‌ಸೆಟ್ಟನ್ನು ಕಾಫ್ಕಾದಲ್ಲಿ ಇಡುವ ಬದಲು ಅದೇ ಡೇಟಾಬೇಸಿನ ಒಂದು ಟೇಬಲ್ಲಿನಲ್ಲಿ, ಫಲಿತಾಂಶ ಬರೆಯುವ ಅದೇ ಟ್ರಾನ್ಸಾಕ್ಷನ್ನಿನೊಳಗೆ ಬರೆಯುವುದು. ಆಗ ಎರಡೂ ಆಗುತ್ತವೆ, ಇಲ್ಲವೇ ಎರಡೂ ಆಗುವುದಿಲ್ಲ. ಮತ್ತೆ ಶುರುವಾದಾಗ ಆ ಟೇಬಲ್ ನೋಡಿ ಅಲ್ಲಿಂದ ಓದಿದರಾಯಿತು. ಹೊಸ ಚೌಕಟ್ಟುಗಳ ಮೋಹದಲ್ಲಿ ಈ ಸರಳ ಉಪಾಯವನ್ನು ಮರೆಯುತ್ತಿದ್ದೇವೆ ಅನ್ನಿಸುತ್ತದೆ. ಸಣ್ಣ, ಮಧ್ಯಮ ಪ್ರಮಾಣದ ಕೆಲಸಗಳಿಗೆ ನಾನು ಮೊದಲು ಸೂಚಿಸುವುದು ಇದನ್ನೇ.

ಒಳಗಿನ ಲೆಕ್ಕ

ಕಳೆದ ಏಳು ದಿನದ ಸರಾಸರಿ ಫ್ಯಾಟ್‌ಗಿಂತ ಇವತ್ತಿನದು ತೀರ ಕಡಿಮೆಯಿದ್ದರೆ ಎಚ್ಚರಿಕೆ ಕೊಡಬೇಕು ಎಂದುಕೊಳ್ಳಿ. ಈಗ ಪ್ರತಿ ರೈತರ ಏಳು ದಿನದ ಇತಿಹಾಸ ಪೈಪ್‌ಲೈನಿನ ಒಳಗಿರಬೇಕು. ಸಾವಿರಾರು ಸಂಘಗಳೆಂದರೆ ಲೆಕ್ಕ ಹತ್ತಾರು ಯಂತ್ರಗಳಲ್ಲಿ ಹಂಚಿಹೋಗಿರುತ್ತದೆ. ಒಂದು ಯಂತ್ರ ಸತ್ತರೆ ಅದರ ಪಾಲಿನ ಸ್ಟೇಟ್ ಹೋಯಿತು. ಎಲ್ಲರನ್ನೂ ನಿಲ್ಲಿಸದೆ ಎಲ್ಲರ ಸ್ಟೇಟನ್ನೂ ಒಂದಕ್ಕೊಂದು ಹೊಂದುವಂತೆ ಉಳಿಸಿಕೊಳ್ಳುವುದು ಹೇಗೆ?

ಇದಕ್ಕೆ ಉತ್ತರ 1985ರಷ್ಟು ಹಳೆಯದು. ಐಐಟಿ ಮದ್ರಾಸಿನಲ್ಲಿ ಓದಿದ ಕೆ. ಮಣಿ ಚಾಂಡಿ ಮತ್ತು ಲೆಸ್ಲಿ ಲ್ಯಾಂಪೋರ್ಟ್ ಆ ವರ್ಷ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಚಿತ್ರ ಕೊಡುತ್ತಾರೆ: ವಲಸೆ ಹಕ್ಕಿಗಳು ತುಂಬಿದ ಆಕಾಶ. ಒಂದೇ ಫೋಟೊದಲ್ಲಿ ಹಿಡಿಸದಷ್ಟು ದೊಡ್ಡದು. ಹಲವರು ಹಲವು ತುಂಡುಗಳನ್ನು ಬೇರೆ ಬೇರೆ ಗಳಿಗೆಯಲ್ಲಿ ತೆಗೆದು ಜೋಡಿಸಬೇಕು, ಹಕ್ಕಿಗಳಿಗೆ ನಿಲ್ಲಿ ಎನ್ನುವಂತಿಲ್ಲ, ಆದರೂ ಜೋಡಿಸಿದ ಚಿತ್ರಕ್ಕೆ ಅರ್ಥವಿರಬೇಕು. ಅವರು ಕೊಟ್ಟ ಪರಿಹಾರವೆಂದರೆ, ಸಂದೇಶಗಳು ಹರಿಯುವ ಅದೇ ದಾರಿಯಲ್ಲಿ ಗುರುತಿನ ಸಂದೇಶವೊಂದನ್ನು ಹರಿಯಬಿಡುವುದು.

ಬರ್ಲಿನ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಸ್ಟ್ರಾಟೋಸ್ಫಿಯರ್ ಯೋಜನೆಯಿಂದ ಬೆಳೆದ ಅಪಾಚಿ ಫ್ಲಿಂಕ್ ಎಂಬ ಸ್ಟ್ರೀಮಿಂಗ್ ಚೌಕಟ್ಟು ಈ ವಿಚಾರವನ್ನೇ ಹಗುರ ಮಾಡಿ ಬಳಸುತ್ತದೆ. ನಿಗದಿತ ಅವಧಿಗೊಮ್ಮೆ ಫ್ಲಿಂಕ್ ಎಲ್ಲ ಮೂಲಗಳಿಗೂ ‘ತಡೆಗುರುತು ಸಂಖ್ಯೆ 41’ ಎಂದು ಹೇಳುತ್ತದೆ. ಮೂಲ ತನ್ನ ಆಫ್‌ಸೆಟ್ ಬರೆದಿಟ್ಟು, ಆ ಗುರುತನ್ನು ದಾಖಲೆಗಳ ಸಾಲಿನಲ್ಲೇ ಮುಂದೆ ಬಿಡುತ್ತದೆ. ಅದು ತಲುಪಿದ ಹಂತ ತನ್ನ ಸ್ಟೇಟಿನ ಪ್ರತಿ ತೆಗೆದು, ಎಸ್3ಯಂಥ ದೂರದ ಸಂಗ್ರಹಕ್ಕೆ ಹಿನ್ನೆಲೆಯಲ್ಲಿ ಬರೆಯುತ್ತ, ಗುರುತನ್ನು ಮುಂದಕ್ಕೆ ದಾಟಿಸುತ್ತದೆ. ಎರಡು ಕಡೆಯಿಂದ ದಾಖಲೆ ಬರುವ ಹಂತವಾದರೆ, ಒಂದು ಕಡೆಯ ಗುರುತು ಬಂದ ಮೇಲೆ ಆ ಕಡೆಯದನ್ನು ತಡೆದು, ಇನ್ನೊಂದು ಕಡೆಯದು ಬರುವವರೆಗೆ ಕಾಯುತ್ತದೆ. ಎಲ್ಲ ಹಂತಗಳೂ ಮುಗಿಯಿತು ಎಂದಾಗ 41ನೇ ಚೆಕ್‌ಪಾಯಿಂಟ್ ಪೂರ್ಣ. ಗುರುತಿನ ಮುಂಚಿನ ದಾಖಲೆಗಳೆಲ್ಲ ಅದರಲ್ಲಿ ಸೇರಿವೆ, ನಂತರದ ಒಂದೂ ಸೇರಿಲ್ಲ. ಕೆಳಗಿನ ಹಂತ ನಿಧಾನವಾಗಿ ದಾಖಲೆಗಳು ಕಟ್ಟಿಕೊಂಡಾಗ ಈ ಕಾಯುವಿಕೆ ಉದ್ದವಾಗಿ ಚೆಕ್‌ಪಾಯಿಂಟ್ ಮುಗಿಯದೇ ಹೋಗುವುದುಂಟು. ಅದಕ್ಕೆಂದೇ 1.11ನೇ ಆವೃತ್ತಿಯಲ್ಲಿ, ಕಾಯದೆ ದಾರಿಯಲ್ಲಿರುವ ದಾಖಲೆಗಳನ್ನೂ ಪ್ರತಿಯಲ್ಲೇ ಸೇರಿಸಿಕೊಳ್ಳುವ ವಿಧಾನ ಬಂತು.

ಅಂಕಿಯಲ್ಲಿ ನೋಡೋಣ. 41ನೇ ಚೆಕ್‌ಪಾಯಿಂಟಿನಲ್ಲಿ ಒಂದು ಪಾರ್ಟಿಷನ್ 5000ನೇ ಆಫ್‌ಸೆಟ್ಟಿನಲ್ಲಿತ್ತು, ಒಬ್ಬ ರೈತರ ಬಾಕಿ 1840 ರೂಪಾಯಿ ಆಗಿತ್ತು. 5600ಕ್ಕೆ ಬಂದಾಗ ಯಂತ್ರ ಸತ್ತಿತು, ಅಷ್ಟರಲ್ಲಿ ಬಾಕಿ 2052 ಆಗಿತ್ತು. ಮತ್ತೆ ಎದ್ದಾಗ ಫ್ಲಿಂಕ್ 2052ನ್ನು ಉಳಿಸಲು ನೋಡುವುದಿಲ್ಲ. 1840ನ್ನು ತಂದುಕೊಂಡು, ಓದುವುದನ್ನೂ 5000ಕ್ಕೆ ಹಿಂದೆ ಸರಿಸುತ್ತದೆ. 5000ದಿಂದ 5599ರವರೆಗಿನ ದಾಖಲೆಗಳನ್ನು ಮತ್ತೆ ಓದಿ ಮತ್ತೆ 2052ಕ್ಕೆ ಬರುತ್ತದೆ. ಒಳಗಿನ ಲೆಕ್ಕಕ್ಕೆ ಇದು ‘ನಿಖರವಾಗಿ ಒಮ್ಮೆ’. ಆದರೆ ಸಾಯುವ ಮೊದಲು ಆ 600 ದಾಖಲೆಗಳಿಗಾಗಿ ಹೊರಗೆ ಬರೆದದ್ದು, ಕಳಿಸಿದ ಎಸ್‌ಎಂಎಸ್, ಇವು ಹಿಂದಕ್ಕೆ ಸರಿಯುವುದಿಲ್ಲ. ‘ಎಕ್ಸಾಕ್ಟ್ಲಿ ಒನ್ಸ್’ ಎಂದು ಬರೆದಿರುವುದನ್ನು ನೋಡಿ ನೆಮ್ಮದಿಯಾಗುವ ಮುನ್ನ, ಆ ಮಾತು ಎಲ್ಲಿಯವರೆಗೆ ಅನ್ವಯಿಸುತ್ತದೆ ಎಂದು ಕೇಳಲೇಬೇಕು.

ಇನ್ನೊಂದು ಸೂಕ್ಷ್ಮ: ಫ್ಲಿಂಕ್ ಮತ್ತೆ ಹೊರಡುವುದು ತನ್ನ ಚೆಕ್‌ಪಾಯಿಂಟಿನೊಳಗಿನ ಆಫ್‌ಸೆಟ್ಟಿನಿಂದ. ಕಾಫ್ಕಾಕ್ಕೆ ಅದು ಮಾಡುವ ಕಮಿಟ್ ನಮ್ಮ ಮೇಲ್ವಿಚಾರಣೆಗಷ್ಟೇ. ಕಾಫ್ಕಾದಲ್ಲಿನ ಆಫ್‌ಸೆಟ್ ತಿದ್ದಿ ಫ್ಲಿಂಕ್ ಕೆಲಸವನ್ನು ಹಿಂದಕ್ಕೆ ಒಯ್ಯಲು ಹೋದವರಿಗೆ ಏನೂ ಬದಲಾಗದಿರುವುದಕ್ಕೆ ಇದೇ ಕಾರಣ. ಇಂಥದೇ ಇನ್ನೊಂದು ಚೌಕಟ್ಟಾದ ಸ್ಪಾರ್ಕ್ ಸ್ಟ್ರಕ್ಚರ್ಡ್ ಸ್ಟ್ರೀಮಿಂಗ್‌ನಲ್ಲಿಯೂ ಹೀಗೆಯೇ, ಚೆಕ್‌ಪಾಯಿಂಟ್ ಫೋಲ್ಡರೇ ಅದರ ನೆನಪು. ಕಾಫ್ಕಾ ಸ್ಟ್ರೀಮ್ಸ್ ಮಾತ್ರ ಬೇರೆ ದಾರಿ ಹಿಡಿದಿದೆ: ಸ್ಟೇಟಿನ ಪ್ರತಿ ಬದಲಾವಣೆಯನ್ನೂ ಕಾಫ್ಕಾದ್ದೇ ಒಂದು ಟಾಪಿಕ್ಕಿಗೆ ಬರೆದು, ಬೇಕಾದಾಗ ಅದನ್ನು ಓದಿ ಸ್ಟೇಟ್ ಮತ್ತೆ ಕಟ್ಟಿಕೊಳ್ಳುತ್ತದೆ.

ಹೊರಗೆ ಬರೆಯುವುದನ್ನೂ ಚೆಕ್‌ಪಾಯಿಂಟಿಗೆ ಕಟ್ಟಬಹುದು. 2017ರ ಕೊನೆಗೆ ಬಂದ ಫ್ಲಿಂಕ್ 1.4ರಿಂದ ಇದಕ್ಕೆ ಸಿದ್ಧ ವ್ಯವಸ್ಥೆಯಿದೆ. ಎರಡು ಚೆಕ್‌ಪಾಯಿಂಟುಗಳ ನಡುವೆ ಬರೆದದ್ದೆಲ್ಲ ಕಾಫ್ಕಾದ ಒಂದು ತೆರೆದ ಟ್ರಾನ್ಸಾಕ್ಷನ್ನಿನಲ್ಲಿರುತ್ತದೆ. ತಡೆಗುರುತು ಬಂದಾಗ ಬಫರ್ ಖಾಲಿ ಮಾಡಿ ಸಿದ್ಧವಾಗಿರುತ್ತದೆ, ಚೆಕ್‌ಪಾಯಿಂಟ್ ಪೂರ್ಣವಾಯಿತು ಎಂದು ತಿಳಿದ ಮೇಲೆ ಕಮಿಟ್ ಮಾಡುತ್ತದೆ. ಕಮಿಟ್ ಆದದ್ದನ್ನು ಮಾತ್ರ ಓದುತ್ತೇನೆ ಎಂದು ಹೊಂದಿಸಿಕೊಂಡ ಓದುಗರಿಗೆ ನಕಲು ಕಾಣುವುದಿಲ್ಲ. ಇದಕ್ಕೆ ತೆರುವ ಬೆಲೆ ಎರಡು. ಒಂದು, ಫಲಿತಾಂಶ ಕಾಣುವುದು ಚೆಕ್‌ಪಾಯಿಂಟಿನ ಅವಧಿಯಷ್ಟು ತಡವಾಗಿ. ಎರಡನೆಯದು ಅಪಾಯಕಾರಿ. ಸಿದ್ಧವಾಗಿ ನಿಂತ ಟ್ರಾನ್ಸಾಕ್ಷನ್ ಕಮಿಟ್ ಆಗುವ ಮೊದಲೇ ಪೈಪ್‌ಲೈನ್ ಸತ್ತು, ಬಹಳ ಹೊತ್ತು ಏಳದಿದ್ದರೆ, ಕಾಫ್ಕಾ ಆ ಟ್ರಾನ್ಸಾಕ್ಷನ್ನನ್ನು ತಾನೇ ರದ್ದು ಮಾಡುತ್ತದೆ. ಆದರೆ ಚೆಕ್‌ಪಾಯಿಂಟಿನ ಪ್ರಕಾರ ಆ ದಾಖಲೆಗಳ ಕೆಲಸ ಮುಗಿದಿದೆ, ಅವನ್ನು ಮತ್ತೆ ಓದುವುದಿಲ್ಲ. ಅಲ್ಲಿಗೆ ಅವು ಹೋದಂತೆ. ಬ್ರೋಕರ್ ಹೆಚ್ಚೆಂದರೆ ಬಿಡುವ ಅವಧಿ, ನಾವು ಬದಲಿಸದಿದ್ದರೆ, 15 ನಿಮಿಷ. ಶನಿವಾರ ರಾತ್ರಿ ಕೆಟ್ಟದ್ದನ್ನು 15 ನಿಮಿಷದಲ್ಲಿ ಎಬ್ಬಿಸುವ ತಂಡ ಇಲ್ಲದಿದ್ದರೆ ಆ ಮಿತಿಯನ್ನು ಗಂಟೆಗಳಿಗೆ ಏರಿಸಲೇಬೇಕು.

ಎಸ್‌ಎಂಎಸ್ ವಿಷಯದಲ್ಲಿ ಟ್ರಾನ್ಸಾಕ್ಷನ್ ಏನೂ ಮಾಡಲಾರದು. ಹೋದ ಸಂದೇಶ ಹೋಯಿತು. ಅದನ್ನು ಪೈಪ್‌ಲೈನಿನ ನಡುವಿನಿಂದ ನೇರವಾಗಿ ಕಳಿಸದೆ, ಕಳಿಸಬೇಕಾದವುಗಳ ಪಟ್ಟಿಯನ್ನು ಡೇಟಾಬೇಸಿನ ಒಂದು ಟೇಬಲ್ಲಿಗೆ ಕೀಲಿ ಸಮೇತ ಬರೆದು, ಬೇರೆ ಸಣ್ಣ ಪ್ರೋಗ್ರಾಮ್ ಒಂದು ಅಲ್ಲಿಂದ ಕಳಿಸಿ ಗುರುತು ಹಾಕುವಂತೆ ಮಾಡಿದರೆ ನಕಲು ಬಹಳ ಕಡಿಮೆಯಾಗುತ್ತದೆ. ಪೂರ್ತಿ ನಿಲ್ಲಿಸಬೇಕೆಂದರೆ ಎಸ್‌ಎಂಎಸ್ ಸೇವೆಯೇ ನಮ್ಮ ಕೀಲಿಯನ್ನು ಗುರುತಿಸಿ ನಕಲು ತಡೆಯಬೇಕು.

ಸತ್ತೆನೆಂದು ತಿಳಿಯದವರು

ಕಾಫ್ಕಾ ಕನ್ಸ್ಯೂಮರುಗಳು ಗುಂಪಾಗಿ ಪಾರ್ಟಿಷನ್ನುಗಳನ್ನು ಹಂಚಿಕೊಳ್ಳುತ್ತಾರೆ. ಒಬ್ಬರಿಂದ 45 ಸೆಕೆಂಡ್ ಸುದ್ದಿ ಬಾರದಿದ್ದರೆ ಸತ್ತರೆಂದು ತಿಳಿದು, ಅವರ ಪಾರ್ಟಿಷನ್ ಬೇರೆಯವರಿಗೆ ಹೋಗುತ್ತದೆ. ಎರಡು ಪೋಲ್‌ಗಳ ನಡುವೆ 5 ನಿಮಿಷ ದಾಟಿದರೂ ಗುಂಪಿನಿಂದ ಹೊರಗೆ. ತೊಂದರೆ ಏನೆಂದರೆ, ಆ ಪ್ರೋಸೆಸ್ ನಿಜವಾಗಿ ಸತ್ತಿರದೆ ಉದ್ದವಾದ ಗಾರ್ಬೇಜ್ ಕಲೆಕ್ಷನ್ನಿನಲ್ಲೋ (ಬೇಡದ ಮೆಮೊರಿ ಬಿಡಿಸುವ ವಿರಾಮ) ನಿಧಾನದ ಡೇಟಾಬೇಸ್ ಕರೆಯಲ್ಲೋ ಸಿಕ್ಕಿಕೊಂಡಿರಬಹುದು. ಎಚ್ಚರವಾದಾಗ ಅದು ಕೈಯಲ್ಲಿದ್ದ ಹಳೆಯ ದಾಖಲೆಗಳನ್ನು ಬರೆಯಲು ಮುಂದುವರಿಯುತ್ತದೆ, ಅಷ್ಟರಲ್ಲಿ ಹೊಸಬರು ಅದೇ ದಾಖಲೆಗಳನ್ನು ಬರೆದು ಮುಂದೆ ಹೋಗಿರುತ್ತಾರೆ. ಹಳಬರ ಆಫ್‌ಸೆಟ್ ಕಮಿಟ್ಟನ್ನು ಕಾಫ್ಕಾ ತಿರಸ್ಕರಿಸುತ್ತದೆ, ಆದರೆ ಡೇಟಾಬೇಸಿಗೆ ಈ ವಿಷಯ ಗೊತ್ತಿಲ್ಲ. ಹಳೆಯ ಬೆಲೆ ಹೊಸದರ ಮೇಲೆ ಕೂರಬಹುದು. ಅದಕ್ಕೆ ಪ್ರತಿ ಸಾಲಿನ ಜೊತೆ ಅದು ಬಂದ ಆಫ್‌ಸೆಟ್ಟನ್ನೂ ಇಟ್ಟು, ‘ಈಗಿರುವುದಕ್ಕಿಂತ ದೊಡ್ಡ ಆಫ್‌ಸೆಟ್ ಆದರೆ ಮಾತ್ರ ಬದಲಿಸು’ ಎಂಬ ಷರತ್ತು ಹಾಕಬೇಕು. ಒಂದು ಕೀಲಿಯ ದಾಖಲೆಗಳು ಯಾವಾಗಲೂ ಒಂದೇ ಪಾರ್ಟಿಷನ್ನಿಗೆ ಹೋಗುವವರೆಗೆ ಈ ಹೋಲಿಕೆ ಸರಿಯಾಗಿ ನಡೆಯುತ್ತದೆ.

ನಾವಾಗಿಯೇ ನಿಲ್ಲಿಸುವಾಗ

ಕುಬರ್ನೆಟಿಸ್ ಪಾಡ್ ನಿಲ್ಲಿಸುವಾಗ ಮೊದಲು ಸಿಗ್‌ಟರ್ಮ್ ಎಂಬ ಸಂಕೇತ ಕಳಿಸುತ್ತದೆ, 30 ಸೆಕೆಂಡ್ ಕಾಯುತ್ತದೆ, ಆಮೇಲೂ ಪ್ರೋಸೆಸ್ ಇದ್ದರೆ ಸಿಗ್‌ಕಿಲ್ ಕಳಿಸಿ ಕೊಲ್ಲುತ್ತದೆ. ಆ ಅರ್ಧ ನಿಮಿಷದಲ್ಲಿ ಮಾಡಬೇಕಾದ ಕೆಲಸಕ್ಕೆ ಕ್ರಮವಿದೆ: ಹೊಸದನ್ನು ಓದುವುದು ನಿಲ್ಲಿಸಿ, ಕೈಯಲ್ಲಿರುವುದನ್ನು ಮುಗಿಸಿ, ಹೊರಗೆ ಬರೆಯುವುದನ್ನು ಫ್ಲಶ್ ಮಾಡಿ, ಆಮೇಲೆ ಆಫ್‌ಸೆಟ್ ಕಮಿಟ್ ಮಾಡಿ, ಕೊನೆಗೆ ಕನ್ಸ್ಯೂಮರನ್ನು ಕ್ಲೋಸ್ ಮಾಡಬೇಕು. ಕ್ಲೋಸ್ ಮಾಡಿದರೆ ಗುಂಪಿಗೆ ಕೂಡಲೇ ಸುದ್ದಿ ಹೋಗಿ, ಉಳಿದವರು 45 ಸೆಕೆಂಡ್ ಕಾಯದೆ ಪಾರ್ಟಿಷನ್ ವಹಿಸಿಕೊಳ್ಳುತ್ತಾರೆ. ಒಂದು ಕಂತಿನ ದಾಖಲೆ ಮುಗಿಸಲು 30 ಸೆಕೆಂಡಿಗಿಂತ ಹೆಚ್ಚು ಬೇಕೆಂದಾದರೆ ಕಂತನ್ನು ಚಿಕ್ಕದು ಮಾಡಬೇಕು, ಇಲ್ಲವೇ ಆ ಅವಧಿಯನ್ನು ಹೆಚ್ಚಿಸಬೇಕು.

ಬಹಳ ಕಡೆ ಸಿಗ್‌ಟರ್ಮ್ ಪ್ರೋಗ್ರಾಮಿಗೆ ತಲುಪುವುದೇ ಇಲ್ಲ. ಪಾಡ್‌ನೊಳಗಿನ ಕಂಟೇನರಿನ ಮೊದಲ ಪ್ರೋಸೆಸ್ ಒಂದು ಶೆಲ್ ಸ್ಕ್ರಿಪ್ಟ್ ಆಗಿದ್ದು, ಅದು ನಮ್ಮ ಪ್ರೋಗ್ರಾಮನ್ನು ಮಗುವಾಗಿ ಶುರು ಮಾಡಿದ್ದರೆ, ಸಂಕೇತ ಶೆಲ್ಲಿಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಎಷ್ಟು ಚೆಂದದ ಷಟ್‌ಡೌನ್ ಕೋಡ್ ಬರೆದಿದ್ದರೂ ಅದು ಒಮ್ಮೆಯೂ ಓಡದೆ, ಪ್ರತಿ ಸಲ 30 ಸೆಕೆಂಡ್ ಕಳೆದು ಸಿಗ್‌ಕಿಲ್ ಬೀಳುತ್ತಿರುತ್ತದೆ. ಸ್ಕ್ರಿಪ್ಟಿನ ಕೊನೆಯ ಸಾಲಿನಲ್ಲಿ ‘ಎಕ್ಸೆಕ್’ ಬಳಸಿ ಪ್ರೋಗ್ರಾಮನ್ನು ಶೆಲ್ಲಿನ ಜಾಗದಲ್ಲೇ ಕೂರಿಸಿದರೆ ಸರಿಹೋಗುತ್ತದೆ. ಲಾಗಿನಲ್ಲಿ ‘ನಿಲ್ಲಿಸುತ್ತಿದ್ದೇನೆ’ ಎಂಬ ಸಾಲು ಬರುತ್ತಿದೆಯೇ ಎಂದು ಒಮ್ಮೆ ನೋಡಿದರೆ ಗೊತ್ತಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆಯೂ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಮರ್ಯಾದೆಯಿಂದ ನಿಲ್ಲುವುದು ನಕಲುಗಳನ್ನು ಕಡಿಮೆ ಮಾಡಲು, ವಿರಾಮವನ್ನು ಚಿಕ್ಕದು ಮಾಡಲು. ಲೆಕ್ಕ ಸರಿಯಾಗಿರುವುದು ಅದರ ಮೇಲೆ ನಿಂತಿರಬಾರದು, ಏಕೆಂದರೆ ಕರೆಂಟು ಹೋಗುವಾಗ ಸಿಗ್‌ಟರ್ಮ್ ಕಳಿಸಿ ಹೋಗುವುದಿಲ್ಲ. ಸ್ಟ್ಯಾನ್‌ಫರ್ಡಿನ ಜಾರ್ಜ್ ಕ್ಯಾಂಡಿಯಾ ಮತ್ತು ಆರ್ಮಾಂಡೊ ಫಾಕ್ಸ್ 2003ರಲ್ಲಿ ಇದನ್ನು ಕೊನೆಯವರೆಗೂ ಒಯ್ದು, ನಿಲ್ಲಿಸುವ ದಾರಿ ಕ್ರ್ಯಾಶ್ ಒಂದೇ, ಶುರು ಮಾಡುವ ದಾರಿ ಚೇತರಿಕೆ ಒಂದೇ ಆಗಿರುವಂತೆ ಸಾಫ್ಟ್‌ವೇರ್ ಕಟ್ಟಬೇಕೆಂದು ವಾದಿಸಿದರು. ಚೇತರಿಕೆಯ ಕೋಡ್ ದಿನವೂ ಓಡುತ್ತಿದ್ದರೆ ಅದು ತುಕ್ಕು ಹಿಡಿಯುವುದಿಲ್ಲ.

ಫ್ಲಿಂಕಿನಲ್ಲಿ ಹೊಸ ಕೋಡ್ ಹಾಕಲು ಸೇವ್‌ಪಾಯಿಂಟ್, ಅಂದರೆ ನಾವಾಗಿ ಕೇಳಿ ತೆಗೆಸುವ ಸ್ಟೇಟಿನ ಪ್ರತಿ, ತೆಗೆದು ನಿಲ್ಲಿಸಿ, ಅಲ್ಲಿಂದಲೇ ಹೊಸದನ್ನು ಎಬ್ಬಿಸುತ್ತಾರೆ. ಪ್ರತಿ ಹಂತಕ್ಕೂ ನಾವೇ ಒಂದು ಸ್ಥಿರವಾದ ಗುರುತು ಕೊಟ್ಟಿರದಿದ್ದರೆ ಫ್ಲಿಂಕ್ ಹಂತಗಳ ಜೋಡಣೆಯನ್ನು ನೋಡಿ ತಾನೇ ಒಂದು ಗುರುತು ಕಟ್ಟುತ್ತದೆ. ನಡುವೆ ಹೊಸ ಹಂತ ಸೇರಿಸಿದರೆ ಗುರುತುಗಳು ಬದಲಾಗಿ, ಹಳೆಯ ಸ್ಟೇಟ್ ಯಾರದೆಂದು ತಿಳಿಯದೆ ಶುರುವಾಗಲು ನಿರಾಕರಿಸುತ್ತದೆ. ಮೊದಲ ದಿನವೇ ಗುರುತು ಕೊಡುವುದು ಲೇಸು.

ಮತ್ತೆ ಎಬ್ಬಿಸಿದರೂ ಏಳದಿದ್ದಾಗ

ಕೆಲವು ವೈಫಲ್ಯ ಕಾಲ ಕಳೆದಂತೆ ತಾನೇ ಹೋಗುತ್ತದೆ: ಡೇಟಾಬೇಸ್ ಎರಡು ನಿಮಿಷ ಸಿಗಲಿಲ್ಲ, ನೆಟ್‌ವರ್ಕ್ ಹೋಯಿತು. ಇದಕ್ಕೆ ಪ್ರತಿ ಸಲ ಅವಧಿ ಹೆಚ್ಚಿಸುತ್ತ ಮರುಪ್ರಯತ್ನ ಮಾಡಬೇಕು, ಆ ಅವಧಿಯಲ್ಲಿ ಸ್ವಲ್ಪ ಏರುಪೇರು ಬೆರೆಸಬೇಕು. ಇಲ್ಲದಿದ್ದರೆ ಎಲ್ಲ ಯಂತ್ರಗಳೂ ಒಂದೇ ಗಳಿಗೆಗೆ ಮುಗಿಬಿದ್ದು ಆಗಷ್ಟೇ ಎದ್ದ ಡೇಟಾಬೇಸನ್ನು ಮತ್ತೆ ಕೆಡವುತ್ತವೆ.

ಇನ್ನು ಕೆಲವು ಎಷ್ಟು ಸಲ ಪ್ರಯತ್ನಿಸಿದರೂ ಹೋಗುವುದಿಲ್ಲ. ಫ್ಯಾಟ್ ಇರಬೇಕಾದ ಜಾಗದಲ್ಲಿ ಖಾಲಿ ಇರುವ ಒಂದು ದಾಖಲೆ ಬಂದು ಪ್ರೋಗ್ರಾಮ್ ಸಾಯುತ್ತದೆ. ಏಳುತ್ತದೆ, ಅದೇ ದಾಖಲೆ ಓದುತ್ತದೆ, ಸಾಯುತ್ತದೆ. ಆ ಪಾರ್ಟಿಷನ್ನಿನಲ್ಲಿ ಅದರ ಹಿಂದಿರುವ ಎಲ್ಲರ ಹಾಲಿನ ಲೆಕ್ಕ ನಿಂತಿರುತ್ತದೆ. ಇಂಥದನ್ನು ಗುರುತಿಸಿ, ಕಾರಣ, ಟಾಪಿಕ್, ಪಾರ್ಟಿಷನ್, ಆಫ್‌ಸೆಟ್ ಸಮೇತ ಪಕ್ಕದ ಒಂದು ಟಾಪಿಕ್ಕಿಗೆ ಇಟ್ಟು ಮುಂದೆ ಹೋಗಬೇಕು. ಡೆಡ್ ಲೆಟರ್ ಕ್ಯೂ ಎಂದು ಕರೆಯುವುದು ಇದನ್ನೇ. ಆದರೆ ಡೇಟಾಬೇಸ್ ಸಿಗುತ್ತಿಲ್ಲವೆಂದು ಬಂದ ಒಳ್ಳೆಯ ದಾಖಲೆಗಳನ್ನೆಲ್ಲ ಅಲ್ಲಿಗೆ ಸುರಿಯುವ ಪೈಪ್‌ಲೈನ್‌ಗಳಿವೆ. ಆಗ ಮಾಡಬೇಕಾದದ್ದು ನಿಂತು ಕಾಯುವುದು, ದಾಖಲೆಗಳು ಕಾಫ್ಕಾದಲ್ಲಿ ಸುರಕ್ಷಿತವಾಗಿಯೇ ಇವೆ. ಪಕ್ಕಕ್ಕಿಟ್ಟದ್ದನ್ನು ಆಮೇಲೆ ಸರಿಪಡಿಸಿ ತಂದರೆ ಅದರ ಸರದಿ ತಪ್ಪಿರುತ್ತದೆ. ಪ್ರತಿ ಅಳತೆಗೂ ಬೇರೆ ಸಾಲು ಬರೆಯುವ ನಮ್ಮ ಉದಾಹರಣೆಯಲ್ಲಿ ಇದು ಸರಿ, ಸರದಿಯೇ ಮುಖ್ಯವಾದ ಕೆಲಸದಲ್ಲಿ ಸರಿಯಲ್ಲ.

ಎದ್ದ ಮೇಲೆ

ಆರು ಗಂಟೆ ನಿಂತಿದ್ದ ಪೈಪ್‌ಲೈನ್ ಎದ್ದಾಗ ಆರು ಗಂಟೆಯ ದಾಖಲೆ ಬಾಗಿಲಲ್ಲಿರುತ್ತದೆ, ಹೊಸದೂ ಬರುತ್ತಿರುತ್ತದೆ. ದಿನನಿತ್ಯದ ಹರಿವಿಗೆ ಸರಿಯಾಗಿ ಅಳೆದು ಯಂತ್ರ ಕೊಟ್ಟಿದ್ದರೆ ಅದು ಎಂದೂ ಸಮಯಕ್ಕೆ ಬಂದು ಸೇರುವುದಿಲ್ಲ. ಗಂಟೆಗೆ ಬರುವುದರ ಎರಡರಷ್ಟು ಕೆಲಸ ಮಾಡಬಲ್ಲದ್ದಾದರೆ ಆರು ಗಂಟೆಯ ಬಾಕಿ ತೀರಿಸಲು ಆರು ಗಂಟೆ ಬೇಕು. ಈ ಸರಳ ಲೆಕ್ಕವನ್ನು ಮೊದಲೇ ಮಾಡಿಟ್ಟಿರಬೇಕು. ಹಾಗೆಂದು ಪೂರ್ತಿ ವೇಗದಲ್ಲಿ ಬಿಟ್ಟರೆ ಕೆಳಗಿನ ಡೇಟಾಬೇಸ್ ತಾಳದಿರಬಹುದು, ಅಲ್ಲಿ ಮಿತಿ ಬೇಕು.

ಸಮಯದ ಲೆಕ್ಕವೂ ಇಲ್ಲಿ ಬಯಲಾಗುತ್ತದೆ. ‘ಇವತ್ತು’ ಎಂಬುದನ್ನು ಪೈಪ್‌ಲೈನ್ ತನ್ನ ಗಡಿಯಾರ ನೋಡಿ ತೀರ್ಮಾನಿಸುತ್ತಿದ್ದರೆ, ಸಂಜೆ ಹಾಕಿದ ಹಾಲು ಮಧ್ಯರಾತ್ರಿಯ ನಂತರ ಓದಿದಾಗ ಮರುದಿನದ ಲೆಕ್ಕಕ್ಕೆ ಹೋಗುತ್ತದೆ. ಹಾಲು ಅಳೆದ ಹೊತ್ತನ್ನೇ ದಾಖಲೆಯಲ್ಲಿಟ್ಟು ಅದರ ಮೇಲೆ ದಿನ ಹಚ್ಚಿದರೆ, ಯಾವಾಗ ಓದಿದರೂ ಒಂದೇ ಉತ್ತರ.

ಕಾಫ್ಕಾ ದಾಖಲೆಗಳನ್ನು ಇಟ್ಟುಕೊಳ್ಳುವುದು, ಬೇರೆ ಹೇಳದಿದ್ದರೆ, 7 ದಿನ. ಯಾರೂ ಇಲ್ಲದೆ ಖಾಲಿಯಾದ ಗುಂಪಿನ ಆಫ್‌ಸೆಟ್ಟುಗಳೂ 7 ದಿನಕ್ಕೆ ಅಳಿಯುತ್ತವೆ. ಆಫ್‌ಸೆಟ್ ಸಿಗದಿದ್ದಾಗ ಕನ್ಸ್ಯೂಮರಿನ ಮೂಲ ಸೆಟ್ಟಿಂಗ್ ‘ಲೇಟೆಸ್ಟ್’, ಅಂದರೆ ಹಿಂದಿನದೆಲ್ಲ ಬಿಟ್ಟು ಈಗ ಬರುವುದರಿಂದ ಶುರು. ದಸರಾ ರಜೆಗೆ ನಿಲ್ಲಿಸಿ ಹತ್ತು ದಿನದ ಮೇಲೆ ಎಬ್ಬಿಸಿದ ಪೈಪ್‌ಲೈನ್ ಒಂದೂ ದೋಷ ತೋರಿಸದೆ ಹತ್ತು ದಿನದ ಡೇಟಾ ದಾಟಿ ಹೋಗುತ್ತದೆ. ಹಣದ ಲೆಕ್ಕವಿರುವ ಕಡೆ ಆ ಸೆಟ್ಟಿಂಗನ್ನು ‘ನನ್’ ಎಂದು ಇಟ್ಟು, ಆಫ್‌ಸೆಟ್ ಸಿಗದಿದ್ದರೆ ಪ್ರೋಗ್ರಾಮ್ ಸದ್ದು ಮಾಡಿ ನಿಲ್ಲುವಂತೆ ಮಾಡುವುದು ಒಳ್ಳೆಯದು.

ಇವೆಲ್ಲ ಸರಿಯಿವೆಯೇ ಎಂದು ತಿಳಿಯಲು ಕೊಂದು ನೋಡಬೇಕು. ಪರೀಕ್ಷೆಯ ಪರಿಸರದಲ್ಲಿ ಗೊತ್ತಿರುವ ಒಂದು ಲಕ್ಷ ಅಳತೆಗಳನ್ನು ಹರಿಯಬಿಟ್ಟು, ನಡುನಡುವೆ ಸಿಗ್‌ಕಿಲ್ ಕೊಡಿ: ಡೇಟಾಬೇಸಿಗೆ ಬರೆದು ಕಮಿಟ್ ಮಾಡುವ ಮುನ್ನ ಒಮ್ಮೆ, ಚೆಕ್‌ಪಾಯಿಂಟ್ ಅರ್ಧವಾದಾಗ ಒಮ್ಮೆ, ಎದ್ದು ಹಳೆಯ ಸ್ಟೇಟ್ ತಂದುಕೊಳ್ಳುತ್ತಿರುವಾಗಲೇ ಮತ್ತೊಮ್ಮೆ. ಸಿಗ್‌ಸ್ಟಾಪ್ ಕೊಟ್ಟು ಆರು ನಿಮಿಷ ಸ್ತಬ್ಧಗೊಳಿಸಿ, ಆಮೇಲೆ ಬಿಡಿ. ಕೊನೆಗೆ ಸಾಲುಗಳು ಒಂದು ಲಕ್ಷವೇ ಇವೆಯೇ, ಮೊತ್ತ ಪೈಸೆಗೆ ಸರಿಯಿದೆಯೇ ನೋಡಿ. ನಿಜವಾದ ವ್ಯವಸ್ಥೆಯಲ್ಲಿ ಇದೇ ಹೋಲಿಕೆ ದಿನವೂ ನಡೆಯಬೇಕು: ಸಂಘದ ಯಂತ್ರ ಹೊತ್ತಿನ ಕೊನೆಗೆ ತಾನು ಅಳೆದ ಒಟ್ಟು ಲೀಟರ್ ಮತ್ತು ಕೊನೆಯ ಕ್ರಮಸಂಖ್ಯೆಯನ್ನು ಬೇರೆ ದಾರಿಯಲ್ಲಿ ಕಳಿಸಲಿ, ಡೇಟಾಬೇಸಿನ ಮೊತ್ತದ ಜೊತೆ ಅದನ್ನು ತಾಳೆ ನೋಡಿ, ವ್ಯತ್ಯಾಸವಿರುವ ಸಂಘಗಳ ಪಟ್ಟಿ ಬಟವಾಡೆಗೆ ಮೊದಲೇ ಯಾರದಾದರೂ ಕೈಗೆ ಸೇರಲಿ.